ಸವೆದ ಡಾಲರ್ ಒಯ್ದು ಹೊಳೆಯುವ ಡಾಲರ್ ಇಟ್ಟುಹೋದ ಬಗ್ಗೆ

ಹೆಸರು: ಆರ್ಡಿತ್ ಕ್ಲಿಂಗ್ಲರ್, ದಿವಂಗತ ವರ್ಲಿನ್ ಕ್ಲಿಂಗ್ಲರ್ ಅವರ ಪತ್ನಿ. ವಯಸ್ಸು: 71 ವರ್ಷ. ಉದ್ಯೋಗ: ಶಾಲಾ ಬಸ್ಸಿನ ಚಾಲಕಿ, ಈಗ ನಿವೃತ್ತಿ. ವಾಸ: ನಂ. 418, ಎಲ್ಮ್ ಬೀದಿ, ಪ್ಲೆಸೆಂಟ್ ಫೋರ್ಕ್, ಟ್ಯಾನರ್ ಕೌಂಟಿ, ಓಹಾಯೋ.

ಮೇಲ್ಕಂಡ ನಾನು ಈ ದಿನ, ದಿನಾಂಕ 14-09-2024, ಶನಿವಾರ ಬೆಳಿಗ್ಗೆ 10-15 ಗಂಟೆಗೆ ಷೆರೀಫ್ ಕಚೇರಿಗೆ ಯಾರೂ ಕರೆಯದೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ಇದೇ ತಿಂಗಳ 10ನೇ ತಾರೀಕು ನಾನು ಶ್ರೀ ಡ್ವೇನ್ ಪ್ರಾಬ್‌ಸ್ಟ್ ಅವರ ಮೇಲೆ ಕೊಟ್ಟ ಕಳ್ಳತನದ ದೂರು ತಪ್ಪು. ಅದನ್ನು ಹಿಂದಕ್ಕೆ ಪಡೆಯಲು ಬಂದಿದ್ದೇನೆ. ಹೇಳಿಕೆ ಬರೆದುಕೊಳ್ಳುತ್ತಿರುವ ಡೆಪ್ಯುಟಿ ಬ್ರೆಂಟ್ ಲೆಹ್ಮನ್ ಅವರು, ಇದಕ್ಕೆ ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕು ಎಂದರು. ಆ ಮನುಷ್ಯನಿಗೆ ಕಳ್ಳ ಅನ್ನುವ ಹೆಸರು ಕಟ್ಟುವಾಗ ಎರಡು ಹಾಳೆ ಬರೆಸಿದ್ದೇನೆ, ಬಿಚ್ಚುವುದಕ್ಕೂ ಅಷ್ಟು ಹಾಳೆ ಬೇಕು ಎಂದು ನಾನು ಹೇಳಿದೆನು. ಡೆಪ್ಯುಟಿಯವರು ಒಂದರಿಂದ ಆರನೇ ತರಗತಿಯವರೆಗೆ ನನ್ನ ಬಸ್ಸಿನಲ್ಲಿ ಓಡಾಡಿದವರು. ಹೆಚ್ಚು ವಾದ ಮಾಡಲಿಲ್ಲ.

ಕಳೆದುಹೋಗಿದ್ದ ವಸ್ತು 1883ನೇ ಇಸವಿಯ ಬೆಳ್ಳಿ ಡಾಲರ್, ನ್ಯೂ ಆರ್ಲಿಯನ್ಸ್ ಟಂಕಸಾಲೆಯದು. ಒಂದು ಕಡೆ ಹೆಂಗಸಿನ ಮುಖ, ಇನ್ನೊಂದು ಕಡೆ ಹದ್ದು. 08-06-1974ರಂದು ನಮ್ಮ ಮದುವೆಯ ದಿನ ನನ್ನ ಮಾವನವರು ಅದನ್ನು ನನ್ನ ಗಂಡನ ಅಂಗೈಗೆ ಹಾಕಿ, ಇದು ಖರ್ಚು ಮಾಡುವ ದುಡ್ಡಲ್ಲ, ಜೇಬಿನಲ್ಲಿ ಇಟ್ಟುಕೋ ಎಂದರಂತೆ. ನನ್ನ ಗಂಡ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸದಲ್ಲಿದ್ದರು. ಬಲಗೈಯಲ್ಲಿ ಪೆನ್ಸಿಲು, ಎಡಗೈ ಜೇಬಿನಲ್ಲಿ, ಜೇಬಿನಲ್ಲಿ ಈ ಡಾಲರು. 35 ವರ್ಷ ಹಾಗೇ ಉಜ್ಜಿದರು. 03-11-2009ರಂದು ಅವರು ತೀರಿಕೊಂಡ ಮೇಲೆ ಅಂದಿನಿಂದ ಇಂದಿನವರೆಗೆ ನಾನು ಇಟ್ಟುಕೊಂಡಿದ್ದೇನೆ. ಹಗಲು ಜೇಬಿನಲ್ಲಿ, ರಾತ್ರಿ ಅಡುಗೆಮನೆಯ ತೊಟ್ಟಿಯ ಪಕ್ಕದ ಬಸಿಯಲ್ಲಿ.

ಈಗ ಅದರ ಸ್ಥಿತಿ ಹೇಗಿತ್ತೆಂಬುದನ್ನು ಹೇಳದಿದ್ದರೆ ಈ ದೂರು ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಕೌಂಟಿಯ ನಾಣ್ಯ ಸಂಘದಲ್ಲಿ 23 ಜನ ಇದ್ದೇವೆ. 16 ಜನ ಹೊಳೆಯುವ ನಾಣ್ಯ, ಮಡಿಕೆ ಬೀಳದ ಹಳೆಯ ನೋಟು ಕೂಡಿಸುವವರು. ಅವರು ನಾಣ್ಯದ ಎದುರು ಕೆಮ್ಮುವುದೂ ಇಲ್ಲ. ಉಳಿದ ಏಳು ಜನ ನಾವು ಸವಕಲು ಮಂದಿ. ನಮಗೆ ಎಷ್ಟು ಸವೆದಿದ್ದರೆ ಅಷ್ಟು ಒಳ್ಳೆಯದು. ಅರ ಹಾಕಬಾರದು, ಮರಳಿನಲ್ಲಿ ಉರುಳಿಸಬಾರದು, ಮನುಷ್ಯರ ಕೈಯಿಂದ, ಜೇಬಿನಿಂದಲೇ ಸವೆಯಬೇಕು. ಮುಖ, ಹದ್ದು, ಅಕ್ಷರ ಎಲ್ಲ ಹೋಗಿ, ಇಸವಿ ಮತ್ತು ಟಂಕಸಾಲೆಯ ಒಂದಕ್ಷರ ಮಾತ್ರ ಭೂತಗನ್ನಡಿಯಲ್ಲಿ ಕಾಣಬೇಕು. ಅದೂ ಹೋಯಿತೋ, ಅದು ಬರೀ ಬೆಳ್ಳಿಯ ಬಿಲ್ಲೆ, ಸ್ಪರ್ಧೆಯಿಂದ ಹೊರಗೆ. ಪ್ರತಿ ಸೆಪ್ಟೆಂಬರಿನಲ್ಲಿ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ನಮ್ಮ ಪ್ರದರ್ಶನ ನಡೆಯುತ್ತದೆ. ಅತಿ ಸವೆದ ನಾಣ್ಯಕ್ಕೆ ಒಂದು ನೀಲಿ ರಿಬ್ಬನ್, ಮನೆಯಲ್ಲಿ ಬೇಯಿಸಿದ ಒಂದು ಸೇಬಿನ ಪೈ ತಿಂಡಿ ಬಹುಮಾನ. ಕಳೆದ ಎರಡು ವರ್ಷವೂ ರಿಬ್ಬನ್ ಡ್ವೇನ್ ಅವರಿಗೆ ಹೋಗಿದೆ. ಅವರು ಸಂಘದ ಕಾರ್ಯದರ್ಶಿ ಕೂಡ. ನಗುವುದಕ್ಕೆ ಇದರಲ್ಲಿ ಏನೂ ಇಲ್ಲವೆಂದು ಡೆಪ್ಯುಟಿಯವರಿಗೆ ಎರಡು ಸಲ ಹೇಳಬೇಕಾಯಿತು.

ದಿನಾಂಕ 09-09-2024, ಸೋಮವಾರ ಸಂಜೆ 6-20ಕ್ಕೆ ಡ್ವೇನ್ ಅವರು ನನ್ನ ಪೈ ತಟ್ಟೆ ವಾಪಸು ಕೊಡಲು ನಮ್ಮ ಮನೆಗೆ ಬಂದಿದ್ದರು. ಹೋಗುವ ಮುಂಚೆ ತೊಟ್ಟಿಯಲ್ಲಿ ಸುಮಾರು ಎರಡು ನಿಮಿಷ ಕೈ ತೊಳೆದರು. ಡಾಲರ್ ಇದ್ದ ಬಸಿ ಅಲ್ಲಿಂದ ಒಂದು ಅಡಿ ದೂರದಲ್ಲಿತ್ತು. ಈ ವಿಷಯ ನಾನು ಮೊದಲ ದೂರಿನಲ್ಲಿ ಬರೆಸಿದ್ದೇನೆ. ಬರೆಸಬಾರದಾಗಿತ್ತು.

ದಿನಾಂಕ 10-09-2024, ಮಂಗಳವಾರ ನನ್ನ ಹುಟ್ಟಿದ ದಿನ. ಬೆಳಿಗ್ಗೆ 7-10ಕ್ಕೆ ನಾನು ಓಟ್ಸ್ ಗಂಜಿಗೆ ನೀರಿಟ್ಟು ಬಸಿಗೆ ಕೈ ಹಾಕಿದೆನು. ಕೈಗೆ ಸಿಕ್ಕ ನಾಣ್ಯ ತರಿತರಿಯಾಗಿತ್ತು. ಬೆಳಕಿಗೆ ಹಿಡಿದರೆ ಅದೇ 1883, ಅದೇ ನ್ಯೂ ಆರ್ಲಿಯನ್ಸ್, ಆದರೆ ಟಂಕಸಾಲೆಯಿಂದ ಈಗ ತಾನೇ ಬಂದಹಾಗೆ ಫಳಫಳ. ಹೆಂಗಸಿನ ಕೂದಲು ಒಂದೊಂದೂ ಎಣಿಸಬಹುದಿತ್ತು. ಬಸಿ ಬೋರಲು ಹಾಕಿದೆ, ತೊಟ್ಟಿಯ ಕೊಳವೆ ಬಿಚ್ಚಿದೆ, ಬೆಕ್ಕಿನ ಹಾಸಿಗೆ ಕೊಡವಿದೆ. ಗಂಜಿ ತಳ ಹಿಡಿಯಿತು. ನನ್ನ ಗಂಡನ ಡಾಲರ್ ಇರಲಿಲ್ಲ.

ನನ್ನ ತಂಗಿ ಲವಾನ್, ವಯಸ್ಸು 66, ಏಳು ತಿಂಗಳಿಂದ ನನ್ನ ಜೊತೆ ಇದ್ದಾಳೆ. ಅದಕ್ಕೆ ಮುಂಚೆ ಮೂವತ್ತು ವರ್ಷ ಫ್ಲೋರಿಡಾದಲ್ಲಿದ್ದಳು. ಅವಳು ಅಂದು ಬೆಳಿಗ್ಗೆ 6-30ಕ್ಕೇ ಚರ್ಚಿನ ಹೆಂಗಸರ ಜೊತೆ ಮ್ಯಾಕಿನಾ ದ್ವೀಪಕ್ಕೆ ಪ್ರವಾಸ ಹೊರಟಿದ್ದಳು, ಶುಕ್ರವಾರ ಬರುವವಳು. ಫೋನು ಮಾಡಿದರೆ ಬಂದ್ ಆಗಿತ್ತು. ಬ್ಯಾಟರಿ ಉಳಿಯಲಿ ಎಂದು ಅವಳು ಯಾವಾಗಲೂ ಬಂದ್ ಮಾಡಿಯೇ ಇಡುತ್ತಾಳೆ. ಕರೆ ಬಂದರೆ ಮಾತ್ರ ಹಚ್ಚುತ್ತೇನೆ ಎನ್ನುತ್ತಾಳೆ. ಅವಳ ಮೇಲೆ ನನಗೆ ಅನುಮಾನ ಬರಲಿಲ್ಲ. ಸವೆದ ನಾಣ್ಯಕ್ಕೆ ಬೆಲೆ ಇದೆಯೆಂದು ಗೊತ್ತಿರುವ ಕಳ್ಳ ಸವಕಲು ಮಂದಿಯಲ್ಲೇ ಇರಬೇಕು, ಒಳ್ಳೆಯದನ್ನು ಬದಲಿಗೆ ಇಟ್ಟು ಹೋಗಿದ್ದಾನೆಂದರೆ ಭಾನುವಾರ ಚರ್ಚಿನಲ್ಲಿ ತಲೆ ಎತ್ತಿ ಕೂರಲು ಹಾಗೆ ಮಾಡಿದ್ದಾನೆ, ಇವೆರಡೂ ಸೇರಿದ ಮನುಷ್ಯ ಡ್ವೇನ್ ಒಬ್ಬರೇ ಎಂದು ನಾನು ಲೆಕ್ಕ ಹಾಕಿದೆನು. ಬೇರೆ ಯಾರಾದರೂ ಆಗಿದ್ದರೆ ಮೊದಲು ಮನೆಯವರನ್ನು ಕೇಳೋಣ ಎಂದು ಕಾಯುತ್ತಿದ್ದರು. ನನಗೆ ಕೋಪ ಬಂದರೆ ಅದೆಲ್ಲ ಹೊಳೆಯುವುದಿಲ್ಲ.

7-40ಕ್ಕೆ 1.3 ಮೈಲಿ ದೂರದ ಡ್ವೇನ್ ಅವರ ಮನೆಗೆ ಹೋದೆ. ಅವರು ಮೊಟ್ಟೆ ತಿನ್ನುತ್ತಿದ್ದರು. ಬಾಗಿಲಲ್ಲೇ ನಿಂತು, ನನ್ನ ಡಾಲರ್ ಎಲ್ಲಿ ಎಂದು ಕೇಳಿದೆ. ಅವರು ಎಡಗಡೆ ಜೇಬು ಮುಟ್ಟಿಕೊಂಡರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ತೆಗಿ ಆಚೆ ಎಂದು ನಾನು ಕೂಗಿದೆ. ಅವರು ತೆಗೆದು ಮೇಜಿನ ಮೇಲಿಟ್ಟರು. ಅದು ಅವರದೇ 1921ರ ನಾಣ್ಯ. "ನಲವತ್ತು ವರ್ಷದ ಗೆಳೆತನ ಕಣೇ ಆರ್ಡಿತ್, ನಾನು ನಿನ್ನ ಗಂಡನ ಹೆಣ ಹೊತ್ತವನು, ನನ್ನನ್ನೇ ಕಳ್ಳ ಅಂತೀಯಲ್ಲ, ನಿನ್ ನಾಲಿಗೆಗೆ ಏನಾಗಿದೆ" ಎಂದರು. ಹೆಣ ಹೊತ್ತರೆ ಜೇಬಿಗೆ ಕೈ ಹಾಕೋ ಹಕ್ಕು ಬರಲ್ಲ ಎಂದು ನಾನು ಉತ್ತರ ಕೊಟ್ಟೆ. ಈ ಮಾತನ್ನು ಬರೆಯುವುದು ಬೇಡವೆಂದು ಡೆಪ್ಯುಟಿಯವರು ಹೇಳಿದರು. ಆಡಿದ್ದೇನೆ, ಬರೆಯಿರಿ ಎಂದೆ.

8-25ಕ್ಕೆ ಇದೇ ಕಚೇರಿಗೆ ಬಂದು ದೂರು ಕೊಟ್ಟೆ. ಡೆಪ್ಯುಟಿಯವರು, "ಮಿಸೆಸ್ ಕ್ಲಿಂಗ್ಲರ್, ಕಳ್ಳ ಹಾಳಾದ್ದನ್ನ ತಗೊಂಡು ಒಳ್ಳೇದನ್ನ ಇಟ್ಟು ಹೋದ್ನಾ? ಅಂಥ ಕಳ್ಳ ನಮ್ಮನೆಗೂ ಬರ್ಲಿ, ನಮ್ ಟ್ರಕ್ಕು ಹಳೇದಾಗಿದೆ" ಎಂದು ಚೇಷ್ಟೆ ಮಾಡಿದರು. ನೀನು ಮೂರನೇ ಕ್ಲಾಸಿನಲ್ಲಿ ಬಸ್ಸಿನ ಸೀಟಿಗೆ ಅಂಟು ಮೆತ್ತಿದಾಗ ಯಾರು ಬಿಡಿಸಿದ್ದು ಎಂದು ಕೇಳಿದ ಮೇಲೆ ಪೆನ್ನು ತೆಗೆದುಕೊಂಡರು. ಮಧ್ಯಾಹ್ನ 12 ಗಂಟೆಗೆ ಅವರು ಡ್ವೇನ್ ಅವರ ಮನೆಗೆ ಹೋಗಿ ವಿಚಾರಿಸಿದ್ದಾರೆ. ಊರಿನವರು ಮನೆಯ ಮುಂದೆ ನಿಂತ ಪೊಲೀಸ್ ಕಾರನ್ನು ನೋಡಿದ್ದಾರೆ. ಸಂಘದ ನಿಯಮದಂತೆ ಪೊಲೀಸ್ ದೂರು ಇರುವ ಸದಸ್ಯರು ಪ್ರದರ್ಶನದಲ್ಲಿ ಮೇಜು ಹಾಕಿ ನಾಣ್ಯ ಇಡುವಂತಿಲ್ಲ. ಆ ನಿಯಮ ಬರೆದವರೇ ಡ್ವೇನ್ ಅವರು.

ಅದೇ ದಿನ ಮಧ್ಯಾಹ್ನ 3-50ಕ್ಕೆ ಡ್ವೇನ್ ಅವರು ನಮ್ಮ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿ, ಬೇಲಿಯ ಹೊರಗೆ ನಿಂತು, "ಕಳ್ಳ ಒಳಗೆ ಬರಬಹುದೋ, ಇಲ್ಲಾ ಇಲ್ಲಿಂದ್ಲೇ ಮಾತಾಡ್ಬೇಕೋ" ಎಂದು ಕೂಗಿದರು. ಪಕ್ಕದ ಮನೆಯ ಕಿಟಕಿ ತೆರೆಯಿತು. ಬಾ ಎಂದೆ. ಅವರು ಒಳಗೆ ಬಂದು, ಕೂರದೆ, ಆ ಹೊಳೆಯುವ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಇಂಥದ್ದನ್ನು ಯಾರೂ ಬರಿಗೈಯಲ್ಲಿ ತರುವುದಿಲ್ಲ, ರಟ್ಟಿನ ಚೌಕದೊಳಗೆ ಇರುತ್ತದೆ, ಆ ರಟ್ಟು ಎಲ್ಲಿ ಎಂದು ಕೇಳಿದರು. ನನಗೆ ಗೊತ್ತಿಲ್ಲವೆಂದೆ. ಅವರು ನನ್ನ ಅಡುಗೆಮನೆಯ ಕಸದ ಬುಟ್ಟಿಯನ್ನು ಹಳೆ ಪತ್ರಿಕೆಯ ಮೇಲೆ ಸುರಿದರು. ಮೊಟ್ಟೆಸಿಪ್ಪೆ, ಕಾಫಿ ಚರಟದ ನಡುವೆ ಎರಡು ಅಂಗುಲದ ರಟ್ಟು ಸಿಕ್ಕಿತು. ಅದರ ಮೇಲೆ ಹಸಿರು ಶಾಯಿಯಲ್ಲಿ ಇಸವಿ ಬರೆದಿತ್ತು. ಹಸಿರು ಶಾಯಿಯಲ್ಲಿ ಬರೆಯುವವರು ಗ್ರೀರ್ಸ್‌ಬರ್ಗಿನ ನಾಣ್ಯ ವ್ಯಾಪಾರಿ ಮರ್ಲ್ ಹಸ್ಕಿನ್ಸ್ ಒಬ್ಬರೇ ಎಂದು ಡ್ವೇನ್ ಅವರು ಹೇಳಿದರು. ನನಗೂ ಅದು ಗೊತ್ತಿತ್ತು. ಬುಟ್ಟಿ ಸುರಿಯಬೇಕೆಂದು ಮಾತ್ರ ಗೊತ್ತಾಗಲಿಲ್ಲ.

4-15ಕ್ಕೆ ಮರ್ಲ್ ಅವರಿಗೆ ಫೋನು ಮಾಡಿದೆವು. ಮರ್ಲ್ ಅವರು ಹೇಳಿದ್ದೇನೆಂದರೆ, ನೇರಳೆ ಬಣ್ಣದ ಕೋಟು ಹಾಕಿದ ಒಬ್ಬ ಹೆಂಗಸು ಹಿಂದಿನ ಶುಕ್ರವಾರವೇ ಬಂದು, ಇದೇ ಇಸವಿಯದು, ಒಳ್ಳೆಯದು ಬೇಕು ಎಂದು ಆರಿಸಿ ಒಯ್ದರು, ಹಳೆಯದನ್ನು ಮಂಗಳವಾರ ತಂದುಕೊಡುವುದಾಗಿ ಮಾತಾಗಿತ್ತು, ಅದರಂತೆ ಅಂದು ಬೆಳಿಗ್ಗೆ 9-05ಕ್ಕೆ ತಂದುಕೊಟ್ಟು, ಗ್ರೀರ್ಸ್‌ಬರ್ಗಿನಿಂದ ಹೊರಡುವ ಪ್ರವಾಸದ ಬಸ್ಸಿಗೆ ಹೋದರು. ನೇರಳೆ ಕೋಟು ಲವಾನ್‌ಳದು. ನಾನು ಅಲ್ಲೇ ಕುರ್ಚಿಯಲ್ಲಿ ಕುಳಿತೆ. ಡ್ವೇನ್ ಅವರ ಮುಖ ನೋಡಲು ನನಗೆ ಆಗಲಿಲ್ಲ. ಹಳೆಯದು ಈಗ ಎಲ್ಲಿದೆ ಎಂದು ಅವರು ಫೋನಿನಲ್ಲಿ ಕೇಳಿದರು. ಸವೆದ ಡಾಲರುಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕುತ್ತೇನೆ, ಬೆಳ್ಳಿ ಕರಗಿಸುವವರ ಗಾಡಿ ಸಂಜೆ 5-30ಕ್ಕೆ ಬಂದು ಒಯ್ಯುತ್ತದೆ ಎಂದು ಮರ್ಲ್ ಅವರು ತಿಳಿಸಿದರು.

4-28ಕ್ಕೆ ಡ್ವೇನ್ ಅವರ ಟ್ರಕ್ಕಿನಲ್ಲಿ ಹೊರಟೆವು. ಅವರು ಗಂಟೆಗೆ 40 ಮೈಲಿಯ ಮೇಲೆ ಓಡಿಸುವವರಲ್ಲ, ಆದ್ದರಿಂದ ಕೀಲಿ ನಾನು ಕಿತ್ತುಕೊಂಡೆ. ದೂರ 22 ಮೈಲಿ. 4-52ಕ್ಕೆ ತಲುಪಿದೆವು. ವೇಗದ ಮಿತಿಯ ವಿಷಯದಲ್ಲಿ ಡೆಪ್ಯುಟಿಯವರು ಕೆಮ್ಮಿ, ಹೊರಟ ಸಮಯ ಸರಿಯಾಗಿ ನೆನಪಿದೆಯೇ ಎಂದು ಕೇಳಿದರು. ನೆನಪಿದೆ. 29 ವರ್ಷ ಮಕ್ಕಳನ್ನು ಕೂರಿಸಿಕೊಂಡು ನಿಧಾನ ಓಡಿಸಿದ್ದೇನೆ, ಆ ಪುಣ್ಯದಲ್ಲಿ ಇದು ವಜಾ ಹಾಕಿಕೊಳ್ಳಿ ಎಂದೆ.

ಅಂಗಡಿಯಲ್ಲಿ ಬಣ್ಣದ ಬಕೆಟ್ಟಿನ ತುಂಬ ಡಾಲರುಗಳಿದ್ದವು, ನಾಲ್ಕು ನೂರಕ್ಕೆ ಕಡಿಮೆ ಇಲ್ಲ. ಮರ್ಲ್ ಅವರು, "ಮೇಡಂ, ಇವೆಲ್ಲ ಒಂದೇ ಥರ ಬೋಳು ತಲೆಗಳು, ಭೂತಗನ್ನಡಿ ಹಿಡಿದು ಒಂದೊಂದೇ ಇಸವಿ ನೋಡ್ತಾ ಕೂತ್ರೆ ನಾಳೆ ಬೆಳಗಾಗತ್ತೆ" ಎಂದರು. ಭೂತಗನ್ನಡಿ ಬೇಡ ಎಂದೆ. ಬಕೆಟ್ಟನ್ನು ಮೇಜಿನ ಬಟ್ಟೆಯ ಮೇಲೆ ಸುರಿಸಿದೆ. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಎಡಗೈಗೆ ತೆಗೆದುಕೊಂಡು ಹೆಬ್ಬೆರಳಿನಲ್ಲಿ ಸವರಿ ಪಕ್ಕಕ್ಕೆ ಹಾಕುತ್ತ ಹೋದೆ. ಅಲ್ಲಲ್ಲ, ಇದಲ್ಲ, ಇದೂ ಅಲ್ಲ. ಸಿಕ್ಕದಿದ್ದರೆ ನಾಳೆಯಿಂದ ಜೇಬಿಗೆ ಕೈ ಹಾಕಿ ಏನು ಹಿಡಿದುಕೊಳ್ಳಲಿ ಎಂಬುದೊಂದೇ ಯೋಚನೆ.

5-10ಕ್ಕೆ, ಹೇಳಿದ ಸಮಯಕ್ಕಿಂತ 20 ನಿಮಿಷ ಮುಂಚೆ, ಗಾಡಿ ಬಂತು. ಗಾಡಿಯವನು ಒಳಗೆ ಬಂದು, ಇನ್ನೂ ಮೂರು ಊರು ಇದೆ, ಕಾಯುವುದಕ್ಕೆ ಆಗುವುದಿಲ್ಲ ಎಂದನು. ನಾನು ಕಣ್ಣು ತೆರೆಯಲಿಲ್ಲ. ಡ್ವೇನ್ ಅವರು ಬಾಗಿಲಿಗೆ ಅಡ್ಡ ನಿಂತರು. ಅವರಿಗೆ 79 ವರ್ಷ, ಒಂದು ಮಂಡಿ ಲೋಹದ್ದು. "ನೋಡಪ್ಪಾ, ಬೆಳಗ್ಗೆಯಿಂದ ನನ್ ಮೇಲೆ ಒಂದು ಪೊಲೀಸ್ ಕೇಸಿದೆ. ನಿನ್ನಿಂದ ಇನ್ನೊಂದು ಆದ್ರೆ ನಂಗೇನೂ ಭಾರ ಇಲ್ಲ. ಈಯಮ್ಮ ಏಳೋವರೆಗೆ ನೀನು ಬಕೆಟ್ ಮುಟ್ಟೋ ಹಾಗಿಲ್ಲ" ಎಂದು ಹೇಳಿದ್ದು ನನಗೆ ಕೇಳಿಸಿತು. ಕೇಸು ಹಾಕಿದವಳು ನಾನೇ. ಕಣ್ಣು ಮುಚ್ಚಿದ್ದರೂ ನೀರು ಬಂತು, ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

5-19ಕ್ಕೆ ಸಿಕ್ಕಿತು. ಸುಮಾರು ಇನ್ನೂರ ಅರವತ್ತನೆಯದು ಇರಬೇಕು. ಹೆಬ್ಬೆರಳು ಇಟ್ಟ ಕೂಡಲೇ ಗೊತ್ತಾಯಿತು, ಇದೇ ಎಂದೆ. ಮರ್ಲ್ ಅವರಿಗೆ ನಂಬಿಕೆ ಬರಲಿಲ್ಲ. ಅದರ ಅಂಚಿಗೆ ಚೂರು ಕಾಗದ ಅಂಟಿಸಿ, ಇನ್ನೂ ಹತ್ತರ ಜೊತೆ ಕಲಸಿ, ಅಂಚು ಮುಟ್ಟದೆ ಹುಡುಕಿ ಎಂದರು. ಹುಡುಕಿದೆ. ಡ್ವೇನ್ ಅವರು ನನ್ನ ಬೆನ್ನು ತಿರುಗಿಸಿ ಮತ್ತೆ ಕಲಸಿದರು. ಮತ್ತೆ ಹುಡುಕಿದೆ. ಮೂರನೇ ಸಲ ಗಾಡಿಯವನೇ ನಾನು ಕಲಸ್ತೀನಿ ಎಂದು ಬಂದನು. ಅವನಿಗೆ ಮೂರು ಊರು ಮರೆತೇ ಹೋಗಿತ್ತು. ಮೂರನೇ ಸಲವೂ ಹುಡುಕಿದೆ. ಅದು ಹೇಗೆ ಗೊತ್ತಾಗುತ್ತದೆ ಎಂದು ಮೂವರೂ ಕೇಳಿದರು. ನಾನು ಹೇಳಲಿಲ್ಲ. ಹೇಳಲು ಹೋಗಿದ್ದರೆ ಆ ಗಂಡಸರ ಮುಂದೆ ಜೋರಾಗಿ ಅತ್ತುಬಿಡುತ್ತಿದ್ದೆ. ಮರ್ಲ್ ಅವರು ಬೆಳ್ಳಿಯ ತೂಕದ ಬೆಲೆ ಮಾತ್ರ ತೆಗೆದುಕೊಂಡರು.

ಡ್ವೇನ್ ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಸವಿ ಇದೆ. ಮೂರರ ಹೊಟ್ಟೆ ಒಂದು ಕೂದಲೆಳೆ ಉಳಿದಿದೆ. ಆರ್ಡಿತ್, ಇದು ನಂದಕ್ಕಿಂತ ಸವೆದಿದೆ ಕಣೇ. ಈ ಸಲ ರಿಬ್ಬನ್ನು ನಿಂದೇ" ಎಂದರು. ಹಾಗೆ ಹೇಳುವಾಗ ಅವರ ಧ್ವನಿಯಲ್ಲಿ ಹೊಟ್ಟೆಕಿಚ್ಚು ಇತ್ತು, ಆದರೂ ಹೇಳಿದರು. ನಾನು ತಪ್ಪಾಯ್ತು ಎಂದೆ. ಏನಂದೆ, ಈ ಕಿವಿ ಸರಿಯಾಗಿ ಕೇಳಲ್ಲ ಎಂದರು. ಕೇಳುವವರೆಗೆ ಮೂರು ಸಲ ಹೇಳಿಸಿದರು. ವಾಪಸು ಬರುವಾಗ ಅವರೇ ಓಡಿಸಿದರು, ಊಟಕ್ಕೆ ನಿಂತ ಹೊತ್ತು ಬಿಟ್ಟು 22 ಮೈಲಿಗೆ 41 ನಿಮಿಷ ತೆಗೆದುಕೊಂಡರು. ದಾರಿಯಲ್ಲಿ ನಿಲ್ಲಿಸಿ ಆಲೂಗಡ್ಡೆಯ ಮುದ್ದೆಯ ಮೇಲೆ ಕೋಳಿ ನೂಡಲ್ಸ್ ಹಾಕಿಸಿಕೊಂಡು ತಿಂದೆವು. ನನ್ನ ಹುಟ್ಟಿದ ದಿನವೆಂದು ಅವರಿಗೆ ನೆನಪಿತ್ತು.

ಮರುದಿನವೇ ಬಂದು ದೂರು ಹಿಂದಕ್ಕೆ ಪಡೆಯಬೇಕಾಗಿತ್ತು. ಕಳ್ಳತನ ಮಾಡಿದವರು ಯಾರೆಂದು ಹೇಳಿ ಎಂದು ನೀವು ಕೇಳುತ್ತೀರಿ, ತಂಗಿಯ ಬಾಯಿಂದ ಕೇಳದೆ ಅವಳ ಹೆಸರು ಹೇಳಬಾರದು, ಒಂದು ಸಲ ದುಡುಕಿ ಬುದ್ಧಿ ಬಂದಿದೆ ಎಂದು ಶುಕ್ರವಾರದವರೆಗೆ ತಡೆದೆ. ಅವಳಿಗೆ ಏನೇನು ಅನ್ನಬೇಕೆಂದು ಮೂರು ದಿನ ಮನಸ್ಸಿನಲ್ಲೇ ಮಾತು ಮಸೆದಿಟ್ಟುಕೊಂಡಿದ್ದೆ.

ದಿನಾಂಕ 13-09-2024, ಶುಕ್ರವಾರ ಸಂಜೆ 5-40ಕ್ಕೆ ಲವಾನ್ ಮಿಠಾಯಿ ಡಬ್ಬಿ ಹಿಡಿದುಕೊಂಡು ಬಂದಳು. ಕೋಟು ಬಿಚ್ಚುವ ಮುಂಚೆಯೇ, "ಅಕ್ಕಾ, ನೋಡಿದ್ಯಾ? ಹೇಗಿದೆ? ಚೀಟಿ ಗೀಟಿ ಬರೀಲಿಲ್ಲ, ನೋಡಿದ ತಕ್ಷಣ ನಾನೇ ಅಂತ ಗೊತ್ತಾಗತ್ತೆ ಅಂದ್ಕೊಂಡೆ" ಎಂದಳು. ಗೊತ್ತಾಗಲಿಲ್ಲ, ಡ್ವೇನ್ ಮನೆಗೆ ಪೊಲೀಸ್ ಕಳಿಸಿದೆ ಎಂದೆ. ಅವಳು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಇದನ್ನ ಯಾಕೆ ಮಾಡಿದೆ ಎಂದು ಕೇಳಿದೆ. "ಏಳು ತಿಂಗಳಿಂದ ನೋಡ್ತಿದೀನಿ ಅಕ್ಕಾ. ಆ ಬೋಳು ಬಿಲ್ಲೆ ಹಿಡ್ಕೊಂಡು ಕಿಟಕೀಲಿ ಕೂತಿರ್ತೀಯ. ಇವಳ ಹತ್ರ ಒಂದು ಒಳ್ಳೇದೂ ಇಲ್ವಲ್ಲ ಅಂತ ಹೊಟ್ಟೆ ಉರೀತು. ಇರೋ ಮನೆಗೆ ಬಾಡಿಗೇನೂ ಇಸ್ಕೊಳ್ಳಲ್ಲ ನೀನು, ಹುಟ್ಟಿದ ದಿನಕ್ಕೆ ಏನಾದ್ರೂ ಕೊಡೋಣ ಅಂತ..." ಎಂದು ಅಳತೊಡಗಿದಳು. ಮಸೆದಿಟ್ಟುಕೊಂಡಿದ್ದ ಮಾತನ್ನೆಲ್ಲ ನಾನು ಬಿಟ್ಟೆ.

ಅವಳನ್ನು ಕೂರಿಸಿ, ಕಣ್ಣು ಮುಚ್ಚು ಎಂದೆ. ಎಡಗೈ ಚಾಚಿಸಿ ಡಾಲರನ್ನು ಮುಖ ಮೇಲಾಗಿ ಇಟ್ಟು, ಅವಳ ಹೆಬ್ಬೆರಳನ್ನು ಅದರ ಮೇಲೆ ಒತ್ತಿದೆ. ಅವಳು ಸ್ವಲ್ಪ ಹೊತ್ತು ಸವರಿ, "ಇಲ್ಲೊಂದು ಗುಳಿ ಇದೆಯಲ್ಲೇ ಅಕ್ಕಾ, ಓರೆಯಾಗಿ" ಎಂದಳು. ಹೌದು, ಅದು ನಿನ್ನ ಭಾವನ ಬೆರಳು ಎಂದೆ. ಮೂವತ್ತೈದು ವರ್ಷ ಅದೇ ಜಾಗ, ಅದೇ ಓರೆ, ಈಗಲೂ ಕೈ ಇಟ್ಟರೆ ಅವರ ಹೆಬ್ಬೆರಳ ಒಳಗೆ ನನ್ನ ಹೆಬ್ಬೆರಳು ಕೂರುತ್ತದೆ ಎಂದು ಹೇಳಿದೆ. ಇದನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಅವಳು ಕಣ್ಣು ತೆರೆಯಲಿಲ್ಲ. ಭಾವ ತೀರಿಕೊಂಡಾಗ ಬರಲು ಅವಳಿಗೆ ಆಗಿರಲಿಲ್ಲ, ಅಲ್ಲಿ ಆಸ್ಪತ್ರೆಯಲ್ಲಿದ್ದಳು. ಅವಳ ಹೆಬ್ಬೆರಳು ಆ ಗುಳಿಯಲ್ಲಿ ತಾನಾಗಿ ಆಡತೊಡಗಿತು. ಒಂದೆರಡು ನಿಮಿಷ ಬಿಟ್ಟೆ. ಆಮೇಲೆ, ಅಲ್ಲಿ ಉಜ್ಜಬೇಡ ಕಣೇ, ಅದು ಅವರ ಜಾಗ, ನಾನೂ ಹದಿನೈದು ವರ್ಷದಿಂದ ಅಲ್ಲಿ ಬರೀ ಇಟ್ಟುಕೊಳ್ಳುತ್ತೇನೆ, ಉಜ್ಜುವುದಿಲ್ಲ, ಹದ್ದಿನ ಕಡೆ ನಮ್ಮದು, ಆ ಕಡೆ ನಿನ್ನ ಕೈಲಾದಷ್ಟು ಉಜ್ಜು, ಕೆಳಗಿನ ಒಂದಕ್ಷರ ಮಾತ್ರ ಉಳಿಸು ಎಂದು ಹೇಳಿ ತಿರುಗಿಸಿ ಕೊಟ್ಟೆ. "ನಂಗೂ ಇಟ್ಕೊಳೋಕೆ ಕೊಡ್ತೀಯಾ" ಎಂದು ಕೇಳಿದಳು. ಸೋಮ, ಬುಧ, ಶುಕ್ರ ನಿನಗೆ, ಉಳಿದದ್ದು ನನಗೆ, ಭಾನುವಾರ ಬಸಿಯಲ್ಲಿ ವಿಶ್ರಾಂತಿ ಎಂದೆ.

ಆದ್ದರಿಂದ ಶ್ರೀ ಡ್ವೇನ್ ಪ್ರಾಬ್‌ಸ್ಟ್ ಅವರು ಕಳ್ಳರಲ್ಲ, ಯಾವ ಕಾಲಕ್ಕೂ ಆಗಿರಲಿಲ್ಲ. 21ನೇ ತಾರೀಕಿನ ಪ್ರದರ್ಶನದಲ್ಲಿ ಅವರು ಮೇಜು ಹಾಕಲು ಈ ಕಚೇರಿಯಿಂದ ಯಾವ ಅಡ್ಡಿಯೂ ಇಲ್ಲವೆಂದು ಸಂಘಕ್ಕೆ ಬರೆದುಕೊಡಬೇಕಾಗಿ ಕೋರುತ್ತೇನೆ. ಅವರ 1921ರ ನಾಣ್ಯ ಜೇಬಿನಲ್ಲಿ ಸವೆದದ್ದಲ್ಲ, ಮರಳಿನಲ್ಲಿ ಉರುಳಿಸಿದ್ದು ಎಂದು ಹಿಂದೆ ಹಲವು ಸಲ ನಾನು ಹೇಳಿದ್ದೇನೆ. ಆ ಮಾತನ್ನು ಹಿಂದಕ್ಕೆ ಪಡೆಯುತ್ತಿಲ್ಲ. ಅದು ಪೊಲೀಸರ ವಿಷಯವಲ್ಲ.

ಬರೆದುಕೊಂಡದ್ದನ್ನು ಡೆಪ್ಯುಟಿಯವರು ಮೊದಲಿಂದ ಕೊನೆಯವರೆಗೆ ನನಗೆ ಓದಿದರು. ನಡುವೆ ಒಂದು ಕಡೆ ನಿಲ್ಲಿಸಿ ನೀರು ಕುಡಿದರು. ನಡೆದದ್ದು ನಡೆದ ಹಾಗೇ ಇದೆ, ಯಾರ ಒತ್ತಾಯವೂ ಇಲ್ಲ, ಕೂಡಿಸಿದ್ದೂ ಇಲ್ಲ ಕಳೆದದ್ದೂ ಇಲ್ಲವೆಂದು ಒಪ್ಪಿ ಕೆಳಗೆ ರುಜು ಹಾಕಿದ್ದೇನೆ. ಕಳೆದ ಸ್ವತ್ತು ಸದ್ಯ ಯಾರ ವಶದಲ್ಲಿದೆ ಎಂಬ ಕಾಲಂ ಖಾಲಿ ಇದೆಯೆಂದು ಅವರು ತೋರಿಸಿದರು. ಹೀಗೆ ತುಂಬಿಸಿದ್ದೇನೆ: ಇವತ್ತು ಶನಿವಾರ, ನನ್ನ ಸರದಿ, ಆದರೂ ನನ್ನ ತಂಗಿಯ ಏಪ್ರನ್ ಜೇಬಿನಲ್ಲಿದೆ. ಬೆಳಿಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದಳು, ಕೈ ಒರೆಸಿಕೊಂಡಾಗಲೆಲ್ಲ ಅದೇ ಕೈಯನ್ನು ಜೇಬಿಗೆ ಹಾಕುತ್ತಿದ್ದಳು. ವಾಪಸು ಕೇಳಲು ಮನಸ್ಸಾಗಲಿಲ್ಲ.

ಸ್ಥಳ: ಪ್ಲೆಸೆಂಟ್ ಫೋರ್ಕ್
ದಿನಾಂಕ: 14-09-2024, ಬೆಳಿಗ್ಗೆ 11-50
ರುಜು: ಆರ್ಡಿತ್ ಕ್ಲಿಂಗ್ಲರ್
ನನ್ನ ಸಮಕ್ಷಮ: ಬ್ರೆಂಟ್ ಲೆಹ್ಮನ್, ಡೆಪ್ಯುಟಿ